ಮಾಗಿಯ ಮೋಡ, ಕಣದ ಮೆಣಸಿನಕಾಯಿ

(ಬಳ್ಳಾರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)

ಸಂಕ್ರಾಂತಿ ಕಳೆಯುವ ಹೊತ್ತಿಗೆ ಕುರುಗೋಡು, ಸಿರುಗುಪ್ಪದ ಸುತ್ತಲಿನ ಕಣಗಳು ಕೆಂಪೇರುತ್ತವೆ. ಗಿಡದಿಂದ ಬಿಡಿಸಿ ತಂದ ಬ್ಯಾಡಗಿ, ಗುಂಟೂರು ತಳಿಗಳ ಹಣ್ಣುಗಾಯಿಯನ್ನು ಬಯಲಲ್ಲಿ ಹರವಬೇಕು, ಆಗಾಗ ಕೈಯಾಡಿಸಬೇಕು, ಇಬ್ಬನಿ ಬೀಳುವ ರಾತ್ರಿಗಳಲ್ಲಿ ಗುಡ್ಡೆ ಮಾಡಿ ಮುಚ್ಚಬೇಕು, ಬಿಸಿಲೇರಿದ ಮೇಲೆ ಮತ್ತೆ ಹರವಬೇಕು. ಈ ಕೆಲಸ ಮಾರ್ಚ್‌ವರೆಗೂ ಸಾಗುತ್ತದೆ. ಬಿಡಿಸಿದಾಗ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ; ಚೀಲಕ್ಕೆ ತುಂಬುವಾಗ ಅದು ನೂರಕ್ಕೆ ಹತ್ತರ ಆಸುಪಾಸಿಗೆ ಇಳಿದಿರಬೇಕು. ಅದಕ್ಕೆ ಹೆಚ್ಚುಕಡಿಮೆ ಎರಡು ವಾರದ ಒಳ್ಳೆಯ ಬಿಸಿಲು ಬೇಕು. ಆ ಎರಡು ವಾರದೊಳಗೆ ಒಂದೇ ಒಂದು ಸಂಜೆ ಗುಡುಗಿ, ಅರ್ಧ ಗಂಟೆ ಮಳೆ ಸುರಿದರೆ ಕಾಯಿ ಬಿಳಚುತ್ತದೆ, ಬೂಸ್ಟು ಹಿಡಿಯುತ್ತದೆ. ಬ್ಯಾಡಗಿ ಪೇಟೆಯಲ್ಲಿ ಬೆಲೆ ಸಿಗುವುದು ಬಣ್ಣಕ್ಕೆ. ಬಣ್ಣ ಹೋದ ಕಾಯಿಗೆ ವರ್ಷದ ದುಡಿಮೆಯ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ಮಾಗಿಯಲ್ಲಿ ಗುಡುಗು ಮಳೆ ಬರುವ ಸಂಭವವನ್ನು ಎಷ್ಟು ದಿನ ಮೊದಲು, ಎಷ್ಟು ನಂಬಿಕೆಯಿಂದ ಹೇಳಬಹುದು? ಹೇಳಿದ್ದನ್ನು ರೈತ ಹೇಗೆ ಬಳಸಬೇಕು? ಈ ಉಪನ್ಯಾಸ ಹುಡುಕುವುದು ಈ ಎರಡು ಪ್ರಶ್ನೆಗಳ ಉತ್ತರವನ್ನು.

ಬಿಸಿಲೂರು ಎಂದೇ ಹೆಸರಾದ ಬಳ್ಳಾರಿಯ ಮಟ್ಟಿಗೆ ಈ ಪ್ರಶ್ನೆ ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಇಲ್ಲಿ ಮಳೆಗಾಲದಲ್ಲೇ ಮಳೆ ಕಡಿಮೆ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ಈ ಸೀಮೆಗೆ ವರ್ಷದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜನವರಿ, ಫೆಬ್ರುವರಿಗಳ ವಾಡಿಕೆ ಮಳೆ ಕೆಲವೇ ಮಿಲಿಮೀಟರ್. ಹಲವು ವರ್ಷ ಆ ಎರಡು ತಿಂಗಳು ಒಂದು ಹನಿಯೂ ಇಲ್ಲದೆ ಕಳೆಯುತ್ತವೆ. ಆದರೆ ವಾಡಿಕೆ ಎಂಬುದು ಸರಾಸರಿ. ಒಂಬತ್ತು ವರ್ಷ ಸೊನ್ನೆ, ಹತ್ತನೆಯ ವರ್ಷ ಒಂದೇ ಸಂಜೆ ಮೂವತ್ತು ಮಿಲಿಮೀಟರ್ ಸುರಿದರೂ ಸರಾಸರಿ ಮೂರೇ. ಅಪರೂಪದ ಮಳೆಯ ಗುಣವೇ ಅದು. ಪಟ್ಟಿಯಲ್ಲಿ ಕಾಣುವುದಿಲ್ಲ, ಕಣದಲ್ಲಿ ಕಾಣುತ್ತದೆ.

ಮಾಗಿಯ ಆಕಾಶ ಸಾಮಾನ್ಯವಾಗಿ ಯಾಕೆ ಸುಮ್ಮನಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ಡಿಸೆಂಬರ್, ಜನವರಿಯಲ್ಲಿ ಈಶಾನ್ಯದಿಂದ ಬೀಸುವ ಗಾಳಿ ದಖ್ಖನಿನ ಒಳನೆಲದ ಮೇಲೆ ಹಾದು ಒಣಗಿ ಬರುತ್ತದೆ. ಮೇಲುಸ್ತರದಲ್ಲಿ ಗಾಳಿ ಕೆಳಗಿಳಿಯುತ್ತಿರುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ನೆಲ ರಾತ್ರಿಯಿಡೀ ತಣ್ಣಗಾಗಿ, ಅದರ ಮೇಲಿನ ಗಾಳಿ ತಂಪಾಗಿ, ಅದಕ್ಕೂ ಮೇಲೆ ಬೆಚ್ಚನೆಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಕೆಳಗಿನ ಗಾಳಿ ಮೇಲೇಳಲು ಹೋದರೆ ಆ ಪದರ ತಡೆಯುತ್ತದೆ. ಸಿರುಗುಪ್ಪದ ಗದ್ದೆಗಳ ಮೇಲೆ ಜನವರಿಯ ಬೆಳಗಿನ ಮಂಜು ನೆಲಕ್ಕೆ ಅಂಟಿಕೊಂಡು ನಿಲ್ಲುವುದು ಈ ಕಾರಣಕ್ಕೆ.

ಗುಡುಗು ಮೋಡ ಕಟ್ಟಬೇಕಾದರೆ ಮೂರು ಕೂಡಬೇಕು. ಒಂದು, ಕೆಳಸ್ತರದಲ್ಲಿ ಸಾಕಷ್ಟು ತೇವ. ಎರಡು, ಮೇಲೆ ಹೋದಂತೆ ಉಷ್ಣತೆ ಬೇಗ ಇಳಿಯುವ ವಾತಾವರಣ. ಮೂರು, ಗಾಳಿಯನ್ನು ಮೊದಲಿಗೆ ಮೇಲಕ್ಕೆತ್ತುವ ಏನಾದರೊಂದು ತಳ್ಳು. ಒಣ ಗಾಳಿ ಮೇಲೇರುವಾಗ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ತಣಿಯುತ್ತದೆ. ಅದರೊಳಗಿನ ಆವಿ ಹನಿಗಟ್ಟಲು ತೊಡಗಿದ ಮೇಲೆ ಅಡಗಿದ್ದ ಶಾಖ ಬಿಡುಗಡೆಯಾಗಿ ತಣಿಯುವ ವೇಗ ಕಡಿಮೆಯಾಗುತ್ತದೆ. ಹಾಗಾಗಿ ಏರುವ ಮೋಡ ಸುತ್ತಲಿನ ಗಾಳಿಗಿಂತ ಬೆಚ್ಚಗೆ, ಹಗುರಾಗಿ ಉಳಿದು, ತನ್ನಷ್ಟಕ್ಕೆ ತಾನೇ ಮೇಲಕ್ಕೆ ನುಗ್ಗುತ್ತದೆ. ನೀರು ಹೆಪ್ಪುಗಟ್ಟುವ ಎತ್ತರ ದಾಟಿದ ಮೇಲೆ ಮೆದು ಆಲಿಕಲ್ಲಿನ ಕಾಳುಗಳೂ ಹಿಮದ ಹರಳುಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುತ್ತು ಬೇರ್ಪಡುತ್ತದೆ. ಸಿಡಿಲು ಹುಟ್ಟುವುದು ಅಲ್ಲಿ.

ಈ ಮೂರರಲ್ಲಿ ಬಳ್ಳಾರಿಯ ಮಾಗಿಗೆ ಕೊರತೆ ಇರುವುದು ಮೊದಲನೆಯದಕ್ಕೆ. ಬಂಗಾಳಕೊಲ್ಲಿ ಇಲ್ಲಿಂದ ಮುನ್ನೂರೈವತ್ತು ಕಿಲೋಮೀಟರಿನಷ್ಟು ದೂರ, ಅರಬ್ಬಿ ಸಮುದ್ರ ಮುನ್ನೂರು. ತೇವ ಅಷ್ಟು ದೂರದಿಂದ ಬರಬೇಕು. ಆದ್ದರಿಂದ ಈ ಸೀಮೆಯಲ್ಲಿ ಮಾಗಿಯ ಮುನ್ಸೂಚನೆಯ ಮೊದಲ ಕೆಲಸ ಬಳ್ಳಾರಿಯ ಆಕಾಶ ನೋಡುವುದಲ್ಲ, ಎರಡು ಸಮುದ್ರಗಳ ಕಡೆ ನೋಡುವುದು.

ಕೊಲ್ಲಿಯ ಚಂಡಮಾರುತಗಳು ಅದಕ್ಕೆ ಎದ್ದು ಕಾಣುವ ಉದಾಹರಣೆ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಮಾಮಲ್ಲಪುರದ ಬಳಿ ದಡ ಸೇರಿತು. 2023ರ ಡಿಸೆಂಬರ್ 5ರಂದು ಮಿಚಾಂಗ್ ಆಂಧ್ರದ ಬಾಪಟ್ಲ ಹತ್ತಿರ ನೆಲ ಮುಟ್ಟಿತು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡಕ್ಕೆ ಬಂದ ಫೆಂಗಲ್, ಬಲಗುಂದಿದ ಮೇಲೂ ಒಳನಾಡನ್ನು ಹಾದು ಅರಬ್ಬಿ ಸಮುದ್ರದ ಕಡೆ ಸರಿಯಿತು. ಡಿಸೆಂಬರ್ ಮೊದಲ ವಾರದಲ್ಲಿ ಕರ್ನಾಟಕದ ದಕ್ಷಿಣ ಭಾಗ ಮಳೆಯಲ್ಲಿ ನೆನೆಯಿತು. ಇವುಗಳ ಬಾಲಮೋಡ ಒಳನಾಡಿಗೆ ತರುವುದು ಹೆಚ್ಚಾಗಿ ಗುಡುಗಲ್ಲ. ದಿನಗಟ್ಟಲೆ ಸೂರ್ಯ ಕಾಣದಂತೆ ಮಾಡುವ ಜಿಟಿಜಿಟಿ. ರೈತರ ಬಾಯಲ್ಲಿ ಇದಕ್ಕೆ ಸೈಕ್ಲೋನ್ ಮಳೆ ಎಂಬ ಹೆಸರೇ ಇದೆ. ಚಂಡಮಾರುತದ ದಾರಿಯನ್ನು ಮೂರು ನಾಲ್ಕು ದಿನ ಮೊದಲೇ ಹೇಳುವಷ್ಟು ಹವಾಮಾನ ಇಲಾಖೆ ಇಂದು ಪಳಗಿದೆ. ಹಾಗಾಗಿ ಮಾಗಿಯ ಮಳೆಗಳಲ್ಲಿ ಇದೇ ಮೊದಲು ಸುಳಿವು ಕೊಡುವ ಮಳೆ.

ಚಂಡಮಾರುತವೇ ಆಗಬೇಕೆಂದೂ ಇಲ್ಲ. 2021ರ ನವೆಂಬರ್‌ನಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತಗಳು ಬಂದು, ರಾಜ್ಯದಲ್ಲಿ ಆ ತಿಂಗಳ ಮಳೆ ವಾಡಿಕೆಯ ಎರಡು ಪಟ್ಟನ್ನೂ ಮೀರಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೊಯ್ಲಿಗೆ ಬಂದಿದ್ದ ಭತ್ತ ನೆಲಕಚ್ಚಿತು. ಹಿಂಗಾರು ಹಿಂದೆ ಸರಿಯುವುದು ಕೂಡ ತಡವಾಗಬಹುದು: ಆ ವರ್ಷದ ಆರಂಭದಲ್ಲಿ ಈಶಾನ್ಯ ಮಾರುತ ಮುಗಿಯಿತೆಂದು ಹವಾಮಾನ ಇಲಾಖೆ ಘೋಷಿಸಿದ್ದು ಜನವರಿ 19ರಂದು, ಸಂಕ್ರಾಂತಿ ಕಳೆದ ಮೇಲೆ.

ನಿಜವಾಗಿ ಗುಡುಗುವ ಮಳೆ ಬರುವುದು ಫೆಬ್ರುವರಿಯ ದ್ವಿತೀಯಾರ್ಧದಿಂದ. ಆಗ ಬಳ್ಳಾರಿಯ ನೆಲ ಕಾಯಲು ತೊಡಗಿರುತ್ತದೆ. ಕೊಲ್ಲಿಯ ಮೇಲೆ ಅಧಿಕ ಒತ್ತಡದ ಸುಳಿ ನಿಂತರೆ ಅದರ ಅಂಚಿನ ಗಾಳಿ ತೇವವನ್ನು ಒಳನಾಡಿಗೆ ಒತ್ತುತ್ತದೆ. ಪಶ್ಚಿಮದ ಗಾಳಿಯೂ ಪೂರ್ವದ ಗಾಳಿಯೂ ಮುಖಾಮುಖಿಯಾಗುವ ಒಂದು ಗೆರೆ ವಿದರ್ಭ, ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಚಾಚುತ್ತದೆ. ಅದೇ ಸಮಯಕ್ಕೆ ಉತ್ತರದ ತಂಪು ಗಾಳಿಯ ಅಲೆಯೊಂದು ಮೇಲುಸ್ತರದಲ್ಲಿ ದಕ್ಷಿಣಕ್ಕೆ ಇಳಿದರೆ ಮೂರೂ ಕೂಡಿದಂತೆ. ನೀರು ಹೆಪ್ಪುಗಟ್ಟುವ ಎತ್ತರ ಮಳೆಗಾಲಕ್ಕಿಂತ ಆಗ ಕೆಳಗಿರುವುದರಿಂದ ಆಲಿಕಲ್ಲು ಕರಗದೆ ನೆಲ ಮುಟ್ಟುತ್ತದೆ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರ, ಉತ್ತರ ಕರ್ನಾಟಕ, ತೆಲಂಗಾಣಗಳಲ್ಲಿ ಬಿದ್ದ ಆಲಿಕಲ್ಲು ದ್ರಾಕ್ಷಿ, ದಾಳಿಂಬೆ, ಜೋಳ, ಕಡಲೆ ಯಾವುದನ್ನೂ ಉಳಿಸಲಿಲ್ಲ. ಮಾಗಿ ಮುಗಿಯುವ ಮುನ್ನವೇ ಬೇಸಿಗೆಯ ಬಿರುಸು ಬಂದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಕಠಿಣ ಪಾಠ ಇತ್ತೀಚಿನ ದಶಕಗಳಲ್ಲಿ ಈ ಭಾಗಕ್ಕೆ ಸಿಕ್ಕಿಲ್ಲ.

ಮಾಗಿಯ ಆಕಾಶ ಓದುವ ಆಸೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ, ಮಾರ್ಗಶಿರದಿಂದ ಮುಂದೆ ಕಾಣುವ ಮೋಡಗಳನ್ನು ಮಳೆಯ ಗರ್ಭವೆಂದು ಕರೆದು, 195 ದಿನಗಳ ನಂತರ ಅವು ಮಳೆಯಾಗುತ್ತವೆ ಎನ್ನುತ್ತದೆ. ಹಳೆಯ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಈಗ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನಲ್ಲಿರುವ ಮೈಲಾರದಲ್ಲಿ ಫೆಬ್ರುವರಿ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕವನ್ನು ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಆ ಒಂದು ನುಡಿಯಲ್ಲಿ ವರ್ಷದ ಮಳೆಬೆಳೆ ಹುಡುಕುತ್ತಾರೆ. ಮುಂದಿನದನ್ನು ತಿಳಿಯಬೇಕೆಂಬ ಆ ಹಂಬಲಕ್ಕೆ ಗೌರವ ಸಲ್ಲಬೇಕು. ಅದರ ಹಿಂದೆ ಬರದ ನೆನಪಿದೆ. 1876–78ರ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು ಅದಕ್ಕೆ ತುಸು ಮೊದಲು, 1875ರಲ್ಲಿ; ಆ ಬರ ಅದರ ಕೆಲಸಕ್ಕೆ ತುರ್ತು ತಂದಿತು. ಇಲಾಖೆಯ ಮುನ್ಸೂಚನೆಗೂ ಹಳೆಯ ನುಡಿಗಳಿಗೂ ಇರುವ ಮುಖ್ಯ ವ್ಯತ್ಯಾಸ ಇಷ್ಟೇ: ಮುನ್ಸೂಚನೆಯನ್ನು ಆಮೇಲೆ ಲೆಕ್ಕಕ್ಕೆ ಹಿಡಿಯಬಹುದು. ಹೇಳಿದ್ದು ಎಷ್ಟು ಸಲ ಆಯಿತು, ಎಷ್ಟು ಸಲ ತಪ್ಪಿತು ಎಂದು ಎಣಿಸಬಹುದು. ಆ ಎಣಿಕೆ ನಡೆಯದಿದ್ದರೆ ವ್ಯತ್ಯಾಸವೂ ಉಳಿಯುವುದಿಲ್ಲ.

ಎಣಿಸುವುದು ಸುಲಭವೂ ಅಲ್ಲ. 1884ರಲ್ಲಿ ಅಮೆರಿಕದ ಸೈನ್ಯದ ಸಿಗ್ನಲ್ ವಿಭಾಗದ ಜಾನ್ ಫಿನ್ಲಿ ಎಂಬ ಸಾರ್ಜೆಂಟ್ ಸುಂಟರಗಾಳಿಯ ಮುನ್ಸೂಚನೆಗಳನ್ನು ಪ್ರಯೋಗವಾಗಿ ಕೊಟ್ಟ. ಒಟ್ಟು 2,803 ಮುನ್ಸೂಚನೆ, ಅವುಗಳಲ್ಲಿ 96.6 ಶೇಕಡಾ ಸರಿ. ಲೆಕ್ಕ ಪ್ರಕಟವಾದ ಮೇಲೆ, ದಿನವೂ ಕಣ್ಣು ಮುಚ್ಚಿಕೊಂಡು "ಸುಂಟರಗಾಳಿ ಇಲ್ಲ" ಎಂದಿದ್ದರೆ 98.2 ಶೇಕಡಾ ಸರಿಯಾಗುತ್ತಿತ್ತು ಎಂಬುದನ್ನು ವಿಮರ್ಶಕರು ತೋರಿಸಿದರು. ಅಪರೂಪದ ಘಟನೆಗೆ "ಎಷ್ಟು ಸಲ ಸರಿ" ಎಂಬ ಅಳತೆಗೋಲು ಕೆಲಸಕ್ಕೆ ಬಾರದು ಎಂಬುದು ಅಂದೇ ಗೊತ್ತಾಯಿತು.

ಬಳ್ಳಾರಿಯ ಜನವರಿಗೆ ಇದನ್ನು ಅನ್ವಯಿಸಿ ನೋಡಿದರೆ ಅಪಾಯ ತಿಳಿಯುತ್ತದೆ. "ಒಣಹವೆ ಮುಂದುವರಿಯಲಿದೆ" ಎಂಬ ಒಂದೇ ವಾಕ್ಯವನ್ನು ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ದಿನವೂ ಬರೆದು ಹಾಕಿದರೆ ಆ ಮುನ್ಸೂಚನೆ ಬಹುತೇಕ ದಿನ ಸರಿ. ಆದರೆ ಕಣದ ರೈತನಿಗೆ ಬೇಕಾದ ಆ ಒಂದೆರಡು ದಿನಗಳಂದು ಮಾತ್ರ ತಪ್ಪು. ಅಂಥ ನಿಖರತೆಯಿಂದ ಯಾರಿಗೂ ಒಂದು ಕಾಸಿನ ಉಪಯೋಗವಿಲ್ಲ.

ಹಾಗಾದರೆ ಮುಂದಿನ ದಿನಗಳ ಅಪಾಯವನ್ನು ಹೇಗೆ ಹೇಳಬೇಕು? ಒಂದು ಗುಡುಗು ಮೋಡದ ಅಗಲ ಹತ್ತು ಕಿಲೋಮೀಟರಿನಷ್ಟು. ಬಾಳುವುದು ಅರ್ಧ ಗಂಟೆಯಿಂದ ಒಂದು ಗಂಟೆ. ಬಳ್ಳಾರಿ ನಗರದಿಂದ ಕುರುಗೋಡು ನೇರ ಗೆರೆಯಲ್ಲಿ ಸುಮಾರು 25 ಕಿಲೋಮೀಟರ್. ಕುರುಗೋಡಿನಿಂದ ಸಿರುಗುಪ್ಪ ಮೂವತ್ತರ ಆಸುಪಾಸು. ಕುರುಗೋಡಿನ ಗುಡ್ಡಗಳ ಮೇಲೆ ಸುರಿದ ಮಳೆ ಸಿರುಗುಪ್ಪದ ಧೂಳನ್ನೂ ಒದ್ದೆ ಮಾಡದೆ ಹೋಗಬಹುದು. ಅಂಥ ಮೋಡ ನಾಲ್ಕು ದಿನದ ನಂತರ ತೆಕ್ಕಲಕೋಟೆಯ ಮೇಲೆ ಕಟ್ಟುತ್ತದೋ ಹಚ್ಚೊಳ್ಳಿಯ ಮೇಲೋ ಎಂದು ಯಾವ ಕಂಪ್ಯೂಟರೂ ಹೇಳಲಾರದು. ವಾತಾವರಣದಲ್ಲಿ ಸಣ್ಣ ವ್ಯತ್ಯಾಸಗಳು ಬೇಗ ದೊಡ್ಡವಾಗುತ್ತವೆ ಎಂದು ಎಡ್ವರ್ಡ್ ಲೊರೆನ್ಜ್ 1963ರಲ್ಲಿ ತೋರಿಸಿದ್ದು ಇಂದಿಗೂ ಸುಳ್ಳಾಗಿಲ್ಲ.

ಆದರೆ ಮೋಡ ಕಟ್ಟುವ ಅನುಕೂಲವನ್ನು ಹೇಳಬಹುದು. ಐದಾರು ದಿನ ಮೊದಲು ಸಮುದ್ರದ ತೇವ ಒಳನಾಡಿಗೆ ತಿರುಗುವ ಸೂಚನೆ ಸಿಗುತ್ತದೆ. ಮೂರು ದಿನ ಇರುವಾಗ ಗಾಳಿ ಸೇರುವ ಗೆರೆ ಯಾವ ಜಿಲ್ಲೆಗಳ ಮೇಲೆ ಬರಬಹುದು ಎಂಬುದು ತಿಳಿಯಾಗುತ್ತದೆ. ಹಿಂದಿನ ದಿನಕ್ಕೆ ಹೊತ್ತು ಗೊತ್ತಾಗುತ್ತದೆ. ಬಿಸಿಲ ಕಾವಿನಿಂದ ಏಳುವ ಮೋಡವಾದರೆ ಹೆಚ್ಚಾಗಿ ಮಧ್ಯಾಹ್ನ ಮೂರರ ನಂತರ. ಇನ್ನು ಮೂರು ಗಂಟೆಯೊಳಗಿನದನ್ನು ಉಪಗ್ರಹ ಮತ್ತು ರಾಡಾರ್ ನೋಡಿ ಹೇಳಬೇಕು; ಇಲಾಖೆಯ ತಕ್ಷಣದ ಮುನ್ಸೂಚನೆಯ ಅವಧಿಯೂ ಅಷ್ಟೇ.

ಈ ಅನುಕೂಲವನ್ನು ಅಂಕಿಗೆ ಇಳಿಸುವ ದಾರಿ ಒಂದೇ ಮಾದರಿಯನ್ನು ಹಲವು ಸಲ ಓಡಿಸುವುದು. ಆರಂಭದ ಸ್ಥಿತಿಯನ್ನು ಪ್ರತಿ ಸಲ ತುಸುತುಸು ಬದಲಿಸಿ ಓಡಿಸಿದರೆ ಬೇರೆಬೇರೆ ಉತ್ತರ ಬರುತ್ತವೆ. 1992ರ ಕೊನೆಯಲ್ಲಿ ಯುರೋಪ್ ಮತ್ತು ಅಮೆರಿಕದ ಕೇಂದ್ರಗಳು ಇದನ್ನು ದಿನಬಳಕೆಗೆ ತಂದವು. ಭಾರತದಲ್ಲಿ 2018ರ ಜೂನ್‌ನಲ್ಲಿ 12 ಕಿಲೋಮೀಟರ್ ಜಾಲದ, 21 ಓಟಗಳ ವ್ಯವಸ್ಥೆ ಬಂತು. ಇಪ್ಪತ್ತೊಂದರಲ್ಲಿ ಏಳು ಓಟಗಳು ಬಳ್ಳಾರಿ ಜಿಲ್ಲೆಯಲ್ಲಿ ಗುರುವಾರ ಮಳೆ ತೋರಿಸಿದರೆ ಸಂಭವ ಸ್ಥೂಲವಾಗಿ ಮೂರರಲ್ಲಿ ಒಂದು. ಹಿಂದಿನ ವರ್ಷಗಳ ಅನುಭವಕ್ಕೆ ಹೋಲಿಸಿ ಅದನ್ನು ತಿದ್ದಬೇಕು. 2025ರ ಮೇ 26ರಂದು ದೇಶಕ್ಕೆ ಅರ್ಪಿತವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಜಾಲವನ್ನು 6 ಕಿಲೋಮೀಟರಿಗೆ ಇಳಿಸಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಕಟ್ಟಿದ್ದು. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಹಿಂದೆ ನಾಲ್ಕೈದು ಚೌಕ ಬೀಳುತ್ತಿದ್ದಲ್ಲಿ ಈಗ ಒಂಬತ್ತು ಬೀಳುತ್ತವೆ. ದೊಡ್ಡ ಹೆಜ್ಜೆ ನಿಜ. ಆದರೂ ಹತ್ತು ಕಿಲೋಮೀಟರಿನ ಮೋಡವೊಂದನ್ನು ಪೂರ್ತಿ ಬಿಡಿಸಿ ತೋರಿಸಲು ಆರು ಕಿಲೋಮೀಟರಿನ ಚೌಕ ಸಾಲದು.

ಸಂಭವವನ್ನು ಶೇಕಡಾವಾರು ಹೇಳಿದರೆ ರೈತರಿಗೆ ಅರ್ಥವಾಗುವುದಿಲ್ಲ ಎಂಬ ಮಾತು ಕಚೇರಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ಇಂದು ಮಾರಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಬೆಲೆ ಏರುವುದನ್ನು ಕಾಯಬೇಕೋ ಎಂದು ಪ್ರತಿ ವರ್ಷ ಲೆಕ್ಕ ಹಾಕುವ, ಕಾಲುವೆಗೆ ನೀರು ಎಷ್ಟು ದಿನ ಬರಬಹುದೆಂದು ಅಂದಾಜು ಮಾಡಿ ನಾಟಿಗಿಳಿಯುವ ಜನ ಅಪಾಯವನ್ನು ತೂಗುವುದರಲ್ಲಿ ಯಾವ ಅಧಿಕಾರಿಗಿಂತಲೂ ಕಡಿಮೆಯಿಲ್ಲ. ಅವರಿಗೆ ಬೇಕಾದದ್ದು ತೂಗಲು ಒಂದು ಅಂಕಿ.

ಲೆಕ್ಕ ಮಾಡಿ ನೋಡಬಹುದು. ಅಂಕಿಗಳು ಉದಾಹರಣೆಗೆ ಮಾತ್ರ. ಕಣದ ಕಾಯಿಯನ್ನು ಸಂಜೆಯೊಳಗೆ ಗುಡ್ಡೆ ಮಾಡಿ ತಾಡಪತ್ರಿ ಮುಚ್ಚಲು ಕೂಲಿ, ಒಂದು ದಿನದ ಒಣಗಿಸುವಿಕೆಯ ನಷ್ಟ ಎಲ್ಲ ಸೇರಿ 3,000 ರೂಪಾಯಿ ಎನ್ನೋಣ. ಮುಚ್ಚದೆ ಮಳೆ ಬಂದರೆ 60,000 ರೂಪಾಯಿ ಹೋಗುತ್ತದೆ ಎನ್ನೋಣ. ಖರ್ಚನ್ನು ನಷ್ಟದಿಂದ ಭಾಗಿಸಿದರೆ ನೂರಕ್ಕೆ ಐದು. ಮಳೆಯ ಸಂಭವ ನೂರಕ್ಕೆ ಐದನ್ನು ದಾಟಿದ ಕೂಡಲೇ ಮುಚ್ಚುವುದೇ ಲಾಭ. ನೂರಕ್ಕೆ ಹತ್ತರ ಸಂಭವಕ್ಕೆ "ಮಳೆ ಇಲ್ಲ" ಎಂದು ಪ್ರಕಟಿಸುವ ಮುನ್ಸೂಚನೆ ಈ ರೈತನಿಗೆ ಅನ್ಯಾಯ ಮಾಡಿದಂತೆ. ಸಿರುಗುಪ್ಪದ ಭತ್ತದ ರೈತನ ಲೆಕ್ಕ ಬೇರೆ. ಹಸಿರು ಇನ್ನೂ ಉಳಿದಿರುವ ತೆನೆಯನ್ನು ಮಳೆಗೆ ಹೆದರಿ ಮೂರು ದಿನ ಮೊದಲೇ ಕಟಾವು ಯಂತ್ರ ತರಿಸಿ ಕೊಯ್ದರೆ 10,000 ನಷ್ಟ, ಕೊಯ್ಯದೆ ಮಳೆ ಬಂದರೆ 25,000 ನಷ್ಟ ಎಂದಾದರೆ ಅವನ ಗಡಿ ನೂರಕ್ಕೆ ನಲವತ್ತು. ಒಂದೇ ಆಕಾಶ, ಒಂದೇ ದಿನ. ಒಬ್ಬ ಮುಚ್ಚಬೇಕು, ಇನ್ನೊಬ್ಬ ಕಾಯಬೇಕು. ಕಚೇರಿಯಲ್ಲಿ ಕುಳಿತವರು ಹೌದು ಅಥವಾ ಇಲ್ಲ ಎಂದು ಮೊದಲೇ ತೀರ್ಮಾನಿಸಿಬಿಟ್ಟರೆ ಇಬ್ಬರಲ್ಲಿ ಒಬ್ಬ ಕಳೆದುಕೊಳ್ಳುತ್ತಾನೆ.

ಬಣ್ಣದ ಎಚ್ಚರಿಕೆಗಳ ವಿಷಯದಲ್ಲೂ ಇದೇ ತೊಡಕಿದೆ. ಹವಾಮಾನ ಇಲಾಖೆಯ ಪ್ರಕಾರ ಭಾರಿ ಮಳೆ ಎನ್ನಿಸಿಕೊಳ್ಳಲು 24 ಗಂಟೆಗೆ 64.5 ಮಿಲಿಮೀಟರ್ ಆಗಬೇಕು. ಸೇತುವೆ, ತಗ್ಗು ಪ್ರದೇಶದ ಮನೆ, ರಸ್ತೆಗಳ ದೃಷ್ಟಿಯಿಂದ ಅದು ಸರಿಯಾದ ಗಡಿ. ಹರವಿದ ಮೆಣಸಿನಕಾಯಿಗೆ 5 ಮಿಲಿಮೀಟರ್ ಸಾಕು. ಹಳದಿ ಬಣ್ಣ ಬಾರದ ದಿನವೂ ಕಣಕ್ಕೆ ಕೆಟ್ಟ ದಿನವಾಗಬಹುದು ಎಂಬುದನ್ನು ಕೃಷಿ ಸಲಹೆಗಳು ಬಿಡಿಸಿ ಹೇಳಬೇಕು. ಹಾಗೆಯೇ, ಇಲಾಖೆ "ಒಂದೆರಡು ಕಡೆ" ಎಂದರೆ ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಳೆ ಕಾಣಬಹುದು ಎಂಬ ಲೆಕ್ಕ. ಮಾಗಿಯ ಗುಡುಗು ಮಳೆಗೆ ಹೆಚ್ಚಿನ ಸಲ ಸಿಗುವುದು ಈ ಒಕ್ಕಣೆಯೇ. ಇದನ್ನು ಕೇಳಿ "ನಮಗಲ್ಲ" ಎಂದುಕೊಳ್ಳುವುದು ಮೆಣಸಿನಕಾಯಿ ಬೆಳೆದವರಿಗೆ ದುಬಾರಿ.

ಯಾವ ಪ್ರದೇಶದ ಮುನ್ಸೂಚನೆ ಕೇಳಬೇಕು ಎಂಬುದೇ ಬಳ್ಳಾರಿಯಲ್ಲಿ ಗೊಂದಲ. ಭಾರತೀಯ ಹವಾಮಾನ ಇಲಾಖೆಯ ವಿಭಜನೆಯಲ್ಲಿ ಬಳ್ಳಾರಿ ಜಿಲ್ಲೆ ದಕ್ಷಿಣ ಒಳನಾಡಿಗೆ ಸೇರುತ್ತದೆ, ಮೈಸೂರು, ಚಾಮರಾಜನಗರಗಳ ಜೊತೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದೇ ಜಿಲ್ಲೆಯನ್ನು ಉತ್ತರ ಒಳನಾಡಿನಲ್ಲಿ ಇಡುತ್ತದೆ. ತುಂಗಭದ್ರೆಯ ಆಚೆ ದಡದ ರಾಯಚೂರು ಇಬ್ಬರ ಲೆಕ್ಕದಲ್ಲೂ ಉತ್ತರ ಒಳನಾಡು. ತಮ್ಮನ್ನು ಕಲ್ಯಾಣ ಕರ್ನಾಟಕದವರೆಂದೇ ತಿಳಿದಿರುವ ಸಿರುಗುಪ್ಪದ ಜನ ರೇಡಿಯೊದಲ್ಲಿ "ಉತ್ತರ ಒಳನಾಡು" ಎಂದಾಗ ಕಿವಿಗೊಡುತ್ತಾರೆ. ಹವಾಮಾನ ಇಲಾಖೆ ಅವರ ಬಗ್ಗೆ ಹೇಳಿದ್ದು ಮುಂದಿನ ವಾಕ್ಯದಲ್ಲಿ ಇರುತ್ತದೆ. ಆದ್ದರಿಂದ ಪ್ರದೇಶದ ಮುನ್ಸೂಚನೆಯನ್ನು ಬಿಟ್ಟು ಜಿಲ್ಲೆಯ ಹೆಸರಿನ ಮುನ್ಸೂಚನೆಯನ್ನೇ ನೋಡುವುದು ಕ್ಷೇಮ. ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಹೊಸದಾಗುವ ಜಿಲ್ಲಾವಾರು ಕೃಷಿ ಸಲಹೆ ಕನ್ನಡದಲ್ಲಿ ಸಿಗುತ್ತದೆ. ರಾಜ್ಯದ ಕೇಂದ್ರ ನಡೆಸುವ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ತಮ್ಮ ಊರಿನ ಮಾತನ್ನೇ ಕೇಳಬಹುದು.

ಈ ಸೀಮೆಯ ದೊಡ್ಡ ಕೊರತೆ ಕಣ್ಣಿನದು. ಬಳ್ಳಾರಿಯಲ್ಲಿ ಹವಾಮಾನ ವೀಕ್ಷಣಾಲಯವಿದೆ, ಆದರೆ ಡಾಪ್ಲರ್ ರಾಡಾರ್ ಇಲ್ಲ. ಹೈದರಾಬಾದಿನ ರಾಡಾರ್ ಇಲ್ಲಿಂದ ಸುಮಾರು 300 ಕಿಲೋಮೀಟರ್. ಗೋವಾದ್ದು ಅದಕ್ಕೂ ದೂರ. ಭೂಮಿ ದುಂಡಗಿರುವುದರಿಂದ, ಅರ್ಧ ಡಿಗ್ರಿ ಓರೆಯಲ್ಲಿ ಹೊರಟ ರಾಡಾರ್ ಕಿರಣ 300 ಕಿಲೋಮೀಟರ್ ಬರುವಷ್ಟರಲ್ಲಿ ನೆಲದಿಂದ ಏಳೆಂಟು ಕಿಲೋಮೀಟರ್ ಮೇಲಿರುತ್ತದೆ. ಮೇ ತಿಂಗಳ ಎತ್ತರದ ಮೋಡದ ನೆತ್ತಿ ಅದಕ್ಕೆ ಕಂಡೀತು. ಮಾಗಿಯ ಗಿಡ್ಡ ಮೋಡ ಆ ಕಿರಣದ ಕೆಳಗೇ ಹುಟ್ಟಿ, ಮಳೆ ಸುರಿಸಿ, ಸಾಯುತ್ತದೆ. ವಾತಾವರಣದ ಪದರಗಳನ್ನು ಅಳೆಯುವ ಬಲೂನುಗಳೂ ಬೆಂಗಳೂರು, ಹೈದರಾಬಾದ್, ಗೋವಾ, ಮಂಗಳೂರಿನಿಂದ ಹಾರುತ್ತವೆ. ನಡುವಿನ ಈ ಬಯಲಿಗೆ ಪಾಲಿಲ್ಲ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ 2,000 ಕೋಟಿ ರೂಪಾಯಿಯ ಮಿಷನ್ ಮೌಸಮ್‌ನ ಉದ್ದೇಶಗಳಲ್ಲಿ ಇಂಥ ಖಾಲಿ ಜಾಗಗಳನ್ನು ತುಂಬುವುದೂ ಒಂದು. ತುಂಗಭದ್ರಾ ಅಚ್ಚುಕಟ್ಟಿನ ಭತ್ತ, ಮೆಣಸಿನಕಾಯಿ, ಹತ್ತಿಯ ಬೆಲೆಯ ಮುಂದೆ ಒಂದು ರಾಡಾರ್ ದೊಡ್ಡ ಖರ್ಚಲ್ಲ. ಈ ಭಾಗದ ಜನಪ್ರತಿನಿಧಿಗಳು ರಸ್ತೆ, ಕಾಲುವೆ ಕೇಳುವಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕಿತ್ತು.

ಒಂದು ವಿಷಯದಲ್ಲಿ ಮಾತ್ರ ಕರ್ನಾಟಕ ದೇಶಕ್ಕೇ ಮುಂದಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದ ರಾಜ್ಯದ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಇಲ್ಲಿನ ಕರಿನೆಲದ ಮಳೆಯನ್ನು ಅಭ್ಯಾಸ ಮಾಡುತ್ತ ಬಂದಿದೆ. ಸಿರುಗುಪ್ಪ, ಹಗರಿಗಳಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿವೆ. ಮುನ್ಸೂಚನೆ ಸರಿಯಾಯಿತೇ ಎಂದು ಹೋಬಳಿವಾರು ಪರೀಕ್ಷಿಸಲು ಬೇಕಾದ ಸಾಮಗ್ರಿಯೆಲ್ಲ ಇಲ್ಲೇ ಇದೆ. ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಸೂತ್ರ ಹೈಸ್ಕೂಲಿನ ಗಣಿತ: ಹೇಳಿದ ಸಂಭವಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ವರ್ಗ ಮಾಡಿ ಸರಾಸರಿ ತೆಗೆಯುವುದು. ನೂರಕ್ಕೆ ಇಪ್ಪತ್ತು ಎಂದು ಹೇಳಿದ ದಿನಗಳಲ್ಲಿ ಐದರಲ್ಲಿ ಒಂದು ದಿನ ನಿಜಕ್ಕೂ ಮಳೆಯಾಗಿದ್ದರೆ ಆ ಮುನ್ಸೂಚನೆ ಪ್ರಾಮಾಣಿಕ.

ಸಿಡಿಲಿನ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಮಾಗಿಯ ಕೊನೆಯಲ್ಲಿ ಮೊದಲ ಗುಡುಗು ಬರುವ ಹೊತ್ತಿಗೆ ಕಣದಲ್ಲಿ ಎಲ್ಲರೂ ಓಡಾಡುತ್ತಿರುತ್ತಾರೆ. ಕಾಯಿ ಮುಚ್ಚುವ ಆತುರದಲ್ಲಿ ಬಯಲಲ್ಲೇ ಉಳಿಯುತ್ತಾರೆ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ. ಆಗ ಕಾಯಿ ಬಿಟ್ಟು ಪಕ್ಕಾ ಮನೆಯೊಳಗೆ ಸೇರಬೇಕು, ಮರದಡಿ ನಿಲ್ಲಬಾರದು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ಪುಣೆಯ ಸಂಸ್ಥೆಯ ದಾಮಿನಿ, ರಾಜ್ಯದ ಸಿಡಿಲು ಎಂಬ ಆ್ಯಪ್‌ಗಳು ಫೋನಿನಲ್ಲಿದ್ದರೆ ಎಚ್ಚರಿಕೆ ತುಸು ಮೊದಲೇ ಸಿಗುತ್ತದೆ. ಹಿಂದಿನ ದಿನದ ಮುನ್ಸೂಚನೆ ನಂಬಿ ಮಧ್ಯಾಹ್ನವೇ ಮುಚ್ಚಿದ್ದರೆ ಈ ಓಟವೇ ಬೇಕಾಗುವುದಿಲ್ಲ.

ನಷ್ಟವಾದ ಮೇಲೂ ಒಂದು ಗಡುವಿದೆ, ಅದು ಹಲವರಿಗೆ ತಿಳಿದಿಲ್ಲ. ಕೊಯ್ದು ಹೊಲದಲ್ಲೇ ಒಣಗಲು ಹರವಿದ ಬೆಳೆ ಆಲಿಕಲ್ಲು, ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಯಿಂದ ಹಾಳಾದರೆ ಕೊಯ್ಲಾದ 14 ದಿನದವರೆಗೆ ಫಸಲ್ ಬಿಮಾ ಯೋಜನೆಯಲ್ಲಿ ರಕ್ಷಣೆಗೆ ಅವಕಾಶವಿದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ತಮ್ಮ ಬೆಳೆ, ತಮ್ಮ ಹೋಬಳಿ ಈ ರಕ್ಷಣೆಯೊಳಗೆ ಬರುತ್ತದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆಯ ಹೊತ್ತಿಗೇ ಕೇಳಿಕೊಂಡಿರಬೇಕು.

ಕೊನೆಯದಾಗಿ ಒಂದು ಕೋರಿಕೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳು ದಿನವೂ ಬೆಳಿಗ್ಗೆ ಒಂದು ಹಲಗೆಯ ಮೇಲೆ ಮುಂದಿನ ಐದು ದಿನಗಳ ಮಳೆಯ ಸಂಭವವನ್ನು ನೂರಕ್ಕೆ ಇಷ್ಟು ಎಂದು ಬರೆಯಲಿ. ಅದರ ಪಕ್ಕದಲ್ಲೇ ನಿನ್ನೆ ಹೇಳಿದ್ದನ್ನೂ, ನಿನ್ನೆ ಮಳೆಮಾಪಕ ತೋರಿಸಿದ್ದನ್ನೂ ಬರೆಯಲಿ. ಯುಗಾದಿಗೆ ಇಡೀ ಮಾಗಿಯ ಲೆಕ್ಕ ತೆಗೆದು ಪಂಚಾಯಿತಿಗಳಿಗೆ ಕಳಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಅಂಕಿಗಳೆಲ್ಲ ಈಗಾಗಲೇ ಸರ್ಕಾರದ ಕಂಪ್ಯೂಟರುಗಳಲ್ಲಿವೆ. ಈ ಸಭೆಯಲ್ಲಿರುವ ಕೃಷಿ ಇಲಾಖೆಯ ಅಧಿಕಾರಿಗಳು ಬರುವ ಮಾಗಿಯಲ್ಲೇ, ಕನಿಷ್ಠ ಕುರುಗೋಡಿನ ಒಂದು ಕೇಂದ್ರದಲ್ಲಾದರೂ ಇದನ್ನು ಶುರು ಮಾಡಲಿ.